ಎರಡನೇ ಸಲ ರಕ್ತ ಸೋರುವ ಮುನ್ನ: ಮೆದುಳಿನ ಅನ್ಯೂರಿಸಂ ಒಡೆದವರ ಪರವಾಗಿ ಹಕ್ಕೊತ್ತಾಯ ಪತ್ರ

ಇವರಿಗೆ:
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು ಹಾಗೂ ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಇವರಿಂದ:
ಅನ್ಯೂರಿಸಂ ಒಡೆದು ಬದುಕಿ ಬಂದವರು, ಬದುಕಿ ಬಾರದವರ ಮನೆಯವರು, ಅವರನ್ನು ನೋಡಿಕೊಂಡ ದಾದಿಯರು ಮತ್ತು ವೈದ್ಯರು

ವಿಷಯ: ಮೆದುಳಿನ ರಕ್ತನಾಳದ ಉಬ್ಬು ಒಡೆದಾಗ ಸಕಾಲದ ರೋಗಪತ್ತೆ, ಶಸ್ತ್ರಚಿಕಿತ್ಸೆ ಮತ್ತು ಆನಂತರದ ಆರೈಕೆಯನ್ನು ರಾಜ್ಯದ ಎಲ್ಲ ಜಿಲ್ಲೆಗಳ ಜನರಿಗೂ ಖಾತರಿಪಡಿಸುವ ಕುರಿತು.

ಮಾನ್ಯರೇ,

ನಮ್ಮಲ್ಲೊಬ್ಬರ ತಾಯಿ ಒಂದು ಸೋಮವಾರ ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ತಲೆ ಹಿಡಿದುಕೊಂಡು ಕುಸಿದು ಕೂತರು. "ತಲೆಯೊಳಗೆ ಏನೋ ಸಿಡಿದ ಹಾಗಾಯ್ತು" ಎಂದರು, ಎರಡು ಸಲ ವಾಂತಿ ಮಾಡಿಕೊಂಡರು. ಪಿತ್ತ ಕೆದರಿದೆ ಎಂದುಕೊಂಡ ಮನೆಯವರು ನಿಂಬೆಹಣ್ಣಿನ ಪಾನಕ ಕೊಟ್ಟರು. ನೋವು ಇಳಿಯದಿದ್ದಾಗ ಹತ್ತಿರದ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಬಿ.ಪಿ. ಜಾಸ್ತಿ ಇದೆ ಎಂದು ಮಾತ್ರೆ ಬರೆದು, ನೋವಿಗೊಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ಕುತ್ತಿಗೆ ಬಗ್ಗುತ್ತದೆಯೇ ಎಂದು ಯಾರೂ ನೋಡಲಿಲ್ಲ. ನೋವು ಎಷ್ಟು ಹೊತ್ತಿನಲ್ಲಿ ಏರಿತು ಎಂದು ಯಾರೂ ಕೇಳಲಿಲ್ಲ. ಮೂರು ದಿನ ಅವರು ಕತ್ತಲೆ ಕೋಣೆಯಲ್ಲಿ ಮಲಗಿಯೇ ಇದ್ದರು. ಗುರುವಾರ ರಾತ್ರಿ ಊಟಕ್ಕೆ ಎದ್ದವರು ಮತ್ತೆ ಬಿದ್ದರು. ಆ ಸಲ ಏಳಲಿಲ್ಲ.

ಆ ಸೋಮವಾರಕ್ಕೂ ಗುರುವಾರಕ್ಕೂ ನಡುವಿನ ಸಮಯದ ಬಗ್ಗೆ ಈ ಪತ್ರ.

ಮೆದುಳಿನ ತಳದಲ್ಲಿ ರಕ್ತನಾಳಗಳು ಕವಲೊಡೆಯುವ ಕಡೆ ಗೋಡೆ ತೆಳುವಾಗಿ ಸಣ್ಣ ಗುಳ್ಳೆಯಂತೆ ಉಬ್ಬುವುದೇ ಅನ್ಯೂರಿಸಂ. ವಯಸ್ಕರಲ್ಲಿ ಸುಮಾರು 100ಕ್ಕೆ 3 ಮಂದಿಯಲ್ಲಿ ಇದು ಇರುತ್ತದೆ. ಬಹುಪಾಲು ಜನರಲ್ಲಿ ಅದು ಬದುಕಿನುದ್ದಕ್ಕೂ ಒಡೆಯುವುದೇ ಇಲ್ಲ. ಒಡೆದರೆ ಮಾತ್ರ ರಕ್ತ ಮೆದುಳಿನ ಸುತ್ತಲಿನ ನೀರಿನಲ್ಲಿ ಹರಡುತ್ತದೆ. ವೈದ್ಯರು ಇದನ್ನು ಸಬ್‌ಅರಕ್ನಾಯ್ಡ್ ಹೆಮರೇಜ್ ಎನ್ನುತ್ತಾರೆ. ಹೀಗಾದವರಲ್ಲಿ ಹತ್ತಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿ ಆಸ್ಪತ್ರೆಯ ಬಾಗಿಲು ಮುಟ್ಟುವ ಮುನ್ನವೇ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಒಡೆದ ಜಾಗಕ್ಕೆ ರಕ್ತವೇ ಹೆಪ್ಪುಗಟ್ಟಿ ತಾತ್ಕಾಲಿಕ ಬಿರಡೆಯಾಗಿ ನಿಲ್ಲುತ್ತದೆ. ಆ ಬಿರಡೆಯನ್ನು ನಂಬುವಂತಿಲ್ಲ. ಮರುಸೋರಿಕೆಯ ಅಪಾಯ ಮೊದಲ 24 ಗಂಟೆಯಲ್ಲೇ ಅತಿ ಹೆಚ್ಚು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಮೊದಲ ತಿಂಗಳೊಳಗೆ 100ರಲ್ಲಿ 20ರಿಂದ 30 ಮಂದಿಗೆ ಮತ್ತೆ ಸೋರುತ್ತದೆ, ಮತ್ತೆ ಸೋರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯುವುದಿಲ್ಲ.

ಮೊದಲ ಸೋರಿಕೆಗೆ ನಾವು ಯಾರನ್ನೂ ದೂರುವುದಿಲ್ಲ. ಅದು ಯಾವ ಮನೆಗೆ, ಯಾವ ಗಳಿಗೆಯಲ್ಲಿ ಬರುತ್ತದೆಂದು ಹೇಳಬಲ್ಲವರಿಲ್ಲ. ಆದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಸಿಗುವ ಗಂಟೆಗಳು ರೋಗಿಯ ಆಸ್ತಿ. ಅವನ್ನು ತಪ್ಪು ಚೀಟಿಯಲ್ಲಿ, ಬೆಡ್ ಇಲ್ಲವೆಂಬ ಉತ್ತರದಲ್ಲಿ, ಕಡತದ ಒಪ್ಪಿಗೆಯಲ್ಲಿ ಕಳೆಯುವ ಹಕ್ಕು ಯಾರಿಗೂ ಇಲ್ಲ.

ಇದು ನಮ್ಮ ಭಾವನೆಯಷ್ಟೇ ಅಲ್ಲ, ನೆಲದ ಕಾನೂನು. 1992ರ ಜುಲೈನಲ್ಲಿ ಪಶ್ಚಿಮ ಬಂಗಾಳದ ಕೃಷಿ ಕಾರ್ಮಿಕ ಹಕೀಂ ಶೇಖ್ ರೈಲಿನಿಂದ ಬಿದ್ದು ತಲೆಗೆ ಭಾರಿ ಪೆಟ್ಟು ಮಾಡಿಕೊಂಡರು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲ, ಸೌಲಭ್ಯವಿಲ್ಲ ಎಂದು ಅವರನ್ನು ವಾಪಸ್ ಕಳಿಸಿದವು. 1996ರಲ್ಲಿ ಸುಪ್ರೀಂ ಕೋರ್ಟ್, ಸಕಾಲದ ತುರ್ತು ಚಿಕಿತ್ಸೆ ಸಂವಿಧಾನದ 21ನೇ ವಿಧಿ ಕೊಟ್ಟ ಜೀವಿಸುವ ಹಕ್ಕಿನ ಭಾಗ ಎಂದಿತು. ಹಣದ ಕೊರತೆಯನ್ನು ನೆಪವಾಗಿ ಹೇಳುವಂತಿಲ್ಲ ಎಂದೂ ಹೇಳಿ, ಎಲ್ಲಿ ಹಾಸಿಗೆ ಖಾಲಿ ಇದೆಯೆಂದು ತಿಳಿಸುವ ಕೇಂದ್ರ ವ್ಯವಸ್ಥೆ ಬೇಕೆಂದು ಸೂಚಿಸಿತು. ತೀರ್ಪು ಬಂದು ಎಷ್ಟೋ ವರ್ಷವಾಯಿತು. ನಮ್ಮ ಆಂಬುಲೆನ್ಸುಗಳು ಇಂದಿಗೂ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೆಡ್ ಹುಡುಕುತ್ತಾ ಅಲೆಯುತ್ತಿವೆ.

ಆದ್ದರಿಂದ ನಾವು ಈ ಕೆಳಗಿನ ಹಕ್ಕೊತ್ತಾಯಗಳನ್ನು ಸರ್ಕಾರದ ಮುಂದೆ ಇಡುತ್ತಿದ್ದೇವೆ.

1. ತಲೆನೋವೆಂದು ಬಂದ ಪ್ರತಿಯೊಬ್ಬರಿಗೂ ಕೇಳಲೇಬೇಕಾದ ಪ್ರಶ್ನೆಗಳನ್ನು ಕಡ್ಡಾಯ ಮಾಡಿ.

ಅನ್ಯೂರಿಸಂ ಒಡೆದ ನೋವು ಮೆಲ್ಲಗೆ ಏರುವುದಿಲ್ಲ. ಸಿಡಿಲು ಹೊಡೆದಂತೆ ಒಂದು ನಿಮಿಷದೊಳಗೆ ತುದಿ ಮುಟ್ಟುತ್ತದೆ. ಆದರೂ ಅದು ಮೈಗ್ರೇನ್, ಗ್ಯಾಸ್ಟ್ರಿಕ್, ಸೈನಸ್, ಕುತ್ತಿಗೆ ಸವೆತ, ಬಿ.ಪಿ. ಎಂಬ ಹೆಸರು ಹೊತ್ತು ಮನೆಗೆ ಮರಳುತ್ತದೆ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ 482 ರೋಗಿಗಳ ಪೈಕಿ 56 ಮಂದಿಗೆ ಮೊದಲ ಭೇಟಿಯಲ್ಲಿ ತಪ್ಪು ರೋಗದ ಹೆಸರು ಹೇಳಲಾಗಿತ್ತು, ಅದಕ್ಕೆ ಅತಿ ಸಾಮಾನ್ಯ ಕಾರಣ ಸಿ.ಟಿ. ಸ್ಕ್ಯಾನ್ ಮಾಡಿಸದೇ ಇದ್ದದ್ದು. ಸ್ಕ್ಯಾನ್ ಯಂತ್ರಗಳು ಕೈಗೆಟಕುವ ಕಡೆಯೇ ಹೀಗಾದರೆ ನಮ್ಮ ತಾಲ್ಲೂಕುಗಳ ಪಾಡನ್ನು ಊಹಿಸಬಹುದು.

ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಜಿಲ್ಲಾ ಆಸ್ಪತ್ರೆಯವರೆಗೆ ಪ್ರತಿ ಕ್ಯಾಜುವಾಲ್ಟಿಯ ಗೋಡೆಯ ಮೇಲೆ ಕನ್ನಡದಲ್ಲಿ ಈ ಪ್ರಶ್ನೆಗಳಿರಲಿ: ನೋವು ಹಠಾತ್ತನೆ ಬಂತೇ? ಬದುಕಿನಲ್ಲೇ ಇಂಥ ನೋವು ಕಂಡಿಲ್ಲ ಎನ್ನುತ್ತಿದ್ದಾರೆಯೇ? ಭಾರ ಎತ್ತುವಾಗ, ತಿಣುಕುವಾಗ ಶುರುವಾಯಿತೇ? ಎಚ್ಚರ ತಪ್ಪಿದ್ದನ್ನು ಯಾರಾದರೂ ಕಂಡರೇ? ಕುತ್ತಿಗೆ ನೋವಿದೆಯೇ, ಗದ್ದ ಎದೆಗೆ ಮುಟ್ಟದಷ್ಟು ಕುತ್ತಿಗೆ ಬಿಗಿದಿದೆಯೇ? ಒಂದು ಕಣ್ಣಿನ ರೆಪ್ಪೆ ಇಳಿದು ಪಾಪೆ ಹಿಗ್ಗಿದೆಯೇ? ವಯಸ್ಸು 40 ದಾಟಿದೆಯೇ? ಹಠಾತ್ ನೋವಿನ ಜೊತೆ ಇವುಗಳಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ಸ್ಕ್ಯಾನ್ ಇಲ್ಲದೆ ಮನೆಗೆ ಕಳಿಸಬಾರದು. ಇಂಜೆಕ್ಷನ್‌ಗೆ ನೋವು ತಗ್ಗಿತೆಂಬುದು ರೋಗವಿಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ ಎಂಬುದನ್ನೂ ಅದೇ ಗೋಡೆಯ ಮೇಲೆ ಬರೆಯಿರಿ.

2. ಬಂದ ಒಂದು ಗಂಟೆಯೊಳಗೆ ಸಿ.ಟಿ. ಸ್ಕ್ಯಾನ್, ಅರ್ಧ ಗಂಟೆಯೊಳಗೆ ಅದನ್ನು ಓದುವ ತಜ್ಞರು.

ಒಡೆದ ಮೊದಲ ಗಂಟೆಗಳಲ್ಲಿ ಸಾಮಾನ್ಯ ಸಿ.ಟಿ. ಸ್ಕ್ಯಾನೇ ಸಾಕು. ಮೆದುಳಿನ ತಳದಲ್ಲಿ ಕಪ್ಪಾಗಿ ಕಾಣಬೇಕಾದ ನೀರಿನ ಜಾಗ ನಕ್ಷತ್ರದಾಕಾರದಲ್ಲಿ ಬೆಳ್ಳಗೆ ಕಾಣುತ್ತದೆ. ಕೆನಡಾದಲ್ಲಿ 3132 ರೋಗಿಗಳನ್ನು ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೋವು ಬಂದ 6 ಗಂಟೆಯೊಳಗೆ ಸ್ಕ್ಯಾನ್ ಆದವರಲ್ಲಿ ಒಂದು ಸೋರಿಕೆಯೂ ಕಣ್ತಪ್ಪಲಿಲ್ಲ. 6 ಗಂಟೆ ದಾಟಿದವರಲ್ಲಿ ಸುಮಾರು ಏಳಕ್ಕೆ ಒಂದು ತಪ್ಪಿಹೋಯಿತು. ದಿನ ಕಳೆದಂತೆ ರಕ್ತ ಕರಗಿ ಚಿತ್ರ ಇನ್ನಷ್ಟು ಮಸುಕಾಗುತ್ತದೆ.

ಆದ್ದರಿಂದ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಹಗಲೂ ರಾತ್ರಿಯೂ ಸ್ಕ್ಯಾನ್ ನಡೆಯಬೇಕು. ಟೆಕ್ನೀಷಿಯನ್ ಬೆಳಿಗ್ಗೆ ಬರುತ್ತಾರೆ ಎಂಬ ಮಾತು ಇನ್ನು ಕೇಳಬಾರದು. ರಾತ್ರಿ ರೇಡಿಯಾಲಜಿಸ್ಟ್ ಇಲ್ಲದ ಕಡೆ ಚಿತ್ರವನ್ನು ದೂರದ ತಜ್ಞರಿಗೆ ಕಳಿಸಿ ಓದಿಸುವ ವ್ಯವಸ್ಥೆ ಬೇಕು. ನೋವು ಶುರುವಾದ ಹೊತ್ತು, ಸ್ಕ್ಯಾನ್ ಆದ ಹೊತ್ತು ಎರಡನ್ನೂ ಕೇಸ್‌ಶೀಟಿನ ತಲೆಯಲ್ಲೇ ಬರೆಯಬೇಕು. 6 ಗಂಟೆ ಮೀರಿ ಬಂದವರ ಸ್ಕ್ಯಾನ್ ನಾರ್ಮಲ್ ಎಂದು ಬಂದರೂ ಅನುಮಾನ ಉಳಿದರೆ ಸೊಂಟದಿಂದ ನೀರು ತೆಗೆದು ಪರೀಕ್ಷಿಸಬೇಕು. ಸೋರಿಕೆಯಾಗಿ ಸುಮಾರು 12 ಗಂಟೆ ಕಳೆದ ಮೇಲೆ ಆ ನೀರಿಗೆ ತಿರುಗುವ ಹಳದಿ ಬಣ್ಣ ಸ್ಕ್ಯಾನ್ ಬಿಟ್ಟುಕೊಡದ ಸತ್ಯವನ್ನು ಹೇಳುತ್ತದೆ. ಬೆನ್ನಿನಿಂದ ನೀರು ತೆಗೆದರೆ ಲಕ್ವ ಹೊಡೆಯುತ್ತದೆ ಎಂಬ ಭಯ ಜನರಲ್ಲಿದೆ. ಅದನ್ನು ಕೂತು ಬಿಡಿಸಿ ಹೇಳುವುದೂ ಆಸ್ಪತ್ರೆಯ ಕೆಲಸ.

3. ಒಡೆದ ಜಾಗ ಯಾವುದೆಂದು ಅದೇ ದಿನ ಪತ್ತೆ ಮಾಡಿ.

ರಕ್ತ ಸೋರಿದೆ ಎಂದು ಗೊತ್ತಾದ ಮೇಲೆ ಎಲ್ಲಿಂದ ಎಂಬ ಪ್ರಶ್ನೆ. ಕೈಯ ನರಕ್ಕೆ ಡೈ ಕೊಟ್ಟು ಮಾಡುವ ಸಿ.ಟಿ. ಆಂಜಿಯೋಗ್ರಾಂ ಹೆಚ್ಚಿನ ಅನ್ಯೂರಿಸಂಗಳನ್ನು ತೋರಿಸುತ್ತದೆ. ಲಿಸ್ಬನ್‌ನ ಎಗಾಸ್ ಮೊನಿಜ್ 1927ರಲ್ಲಿ ಮೆದುಳಿನ ರಕ್ತನಾಳಗಳನ್ನು ಮೊದಲ ಬಾರಿಗೆ ಎಕ್ಸ್‌ರೇಯಲ್ಲಿ ಕಾಣುವಂತೆ ಮಾಡಿದ ವಿಧಾನದ ಇಂದಿನ ರೂಪವಾದ ಡಿ.ಎಸ್.ಎ. ಕೊನೆಯ ತೀರ್ಪು ಕೊಡುತ್ತದೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಎಲ್ಲ ಆಸ್ಪತ್ರೆಗಳಲ್ಲೂ ಸಿ.ಟಿ. ಆಂಜಿಯೋಗ್ರಾಂ ರಾತ್ರಿಯೂ ಲಭ್ಯವಿರಲಿ. ಇಲ್ಲದ ಕಡೆ ಅದಕ್ಕಾಗಿ ಕಾಯಿಸದೆ ರೋಗಿಯನ್ನು ಮುಂದಕ್ಕೆ ಕಳಿಸಲಿ. ಮೊದಲ ಆಂಜಿಯೋಗ್ರಾಂನಲ್ಲಿ ಏನೂ ಕಾಣದಿದ್ದರೆ ಮತ್ತೊಮ್ಮೆ ಮಾಡುವ ದಿನಾಂಕ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರಲಿ.

4. ಸ್ಕ್ಯಾನ್ ಇಲ್ಲದೆ ರಕ್ತ ತೆಳುವಾಗಿಸುವ ಮದ್ದು ಬೇಡ.

2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ಮಾಡಿ, ದೂರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ಈ ಏರ್ಪಾಡು ಮೆದುಳಿಗೂ ಬೇಕೆಂಬುದೇ ನಮ್ಮ ಬೇಡಿಕೆಯ ತಿರುಳು. ಅದರ ಜೊತೆಗೇ ಒಂದು ಎಚ್ಚರಿಕೆ. ಅನ್ಯೂರಿಸಂ ಒಡೆದಾಗ ದೇಹದಲ್ಲಿ ಉಕ್ಕುವ ರಾಸಾಯನಿಕಗಳಿಂದ ಹೃದಯಕ್ಕೂ ಆಘಾತವಾಗಿ, ಇ.ಸಿ.ಜಿ. ಹೃದಯಾಘಾತದಂತೆಯೇ ಕಾಣಬಹುದು. ಅಂಥವರಿಗೆ ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಮೆದುಳಿನಲ್ಲಿ ರಕ್ತವನ್ನು ತಡೆದಿರುವ ಒಂದೇ ಬಿರಡೆಯೂ ಕರಗಿಹೋಗುತ್ತದೆ. ಸಿಡಿಲಿನಂಥ ತಲೆನೋವಿನೊಂದಿಗೆ ಕುಸಿದವರಿಗೆ ಮೊದಲು ತಲೆಯ ಸ್ಕ್ಯಾನ್, ಆಮೇಲೆ ಉಳಿದದ್ದು ಎಂಬ ಸಾಲನ್ನು ಆ ಯೋಜನೆಯ ಮಾರ್ಗಸೂಚಿಗೆ ಸೇರಿಸಿ. ಲಕ್ವ ಎಂದು ಊಹಿಸಿ ಆಸ್ಪಿರಿನ್ ಕೊಡುವವರಿಗೂ ಇದೇ ಮಾತು ಅನ್ವಯಿಸಲಿ.

5. ಒಂದೇ ಕರೆಗೆ ಆಂಬುಲೆನ್ಸ್, ಬೆಡ್ ಮತ್ತು ಒಪ್ಪಿಕೊಳ್ಳುವ ವೈದ್ಯರು.

2008ರ ನವೆಂಬರ್ 1ರಂದು ಶುರುವಾದ 108 ಆರೋಗ್ಯ ಕವಚ ಎಷ್ಟೋ ಜೀವ ಉಳಿಸಿದೆ. ಆದರೆ ರೆಫರ್ ಎಂಬ ಒಂದು ಪದ ಬರೆದ ಚೀಟಿ ಹಿಡಿದು ಹೊರಟವರಿಗೆ ಎಲ್ಲಿಗೆ ಹೋಗಬೇಕೆಂಬುದೇ ತಿಳಿದಿರುವುದಿಲ್ಲ. ಬೀದರ್‌ನಿಂದ ಬೆಂಗಳೂರಿಗೆ ಸುಮಾರು 700 ಕಿ.ಮೀ. ಕಾರವಾರದ ರೋಗಿ ಮಳೆಗಾಲದ ರಾತ್ರಿ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಬೇಕು, ಇಲ್ಲವೇ ಕರಾವಳಿ ಹೆದ್ದಾರಿಯಲ್ಲಿ ಮಂಗಳೂರು, ಮಣಿಪಾಲಕ್ಕೋ ಗೋವಾಕ್ಕೋ ಹೋಗಬೇಕು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಆ ಹೆದ್ದಾರಿಯೇ ಮುಚ್ಚಿಹೋಗಿದ್ದನ್ನು ಎಲ್ಲರೂ ಕಂಡಿದ್ದೇವೆ. ಉತ್ತರ ಕನ್ನಡದ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಳಿಂದ ಕೂಗಿಡುತ್ತಿರುವುದು ಸುಮ್ಮನೆ ಅಲ್ಲ.

ಅ) ಕಳಿಸುವ ವೈದ್ಯರು ಒಂದು ಸಂಖ್ಯೆಗೆ ಕರೆ ಮಾಡಿದರೆ ಬೆಡ್ ಗೊತ್ತುಮಾಡಿ, ಅಲ್ಲಿನ ನ್ಯೂರೋಸರ್ಜನ್ ಜೊತೆ ಮಾತಾಡಿಸಿ, ಸ್ಕ್ಯಾನ್ ಚಿತ್ರಗಳನ್ನು ಮುಂಚಿತವಾಗಿ ತಲುಪಿಸುವ ಕೇಂದ್ರ 24 ಗಂಟೆಯೂ ನಡೆಯಲಿ.

ಆ) ವೆಂಟಿಲೇಟರ್ ಮತ್ತು ತರಬೇತಿ ಪಡೆದ ಸಿಬ್ಬಂದಿ ಇರುವ ಆಂಬುಲೆನ್ಸನ್ನೇ ಕಳಿಸಲಿ. ದಾರಿಯಲ್ಲಿ ಸಿಸ್ಟಾಲಿಕ್ ಬಿ.ಪಿ. ಸಾಮಾನ್ಯವಾಗಿ 160 ಮೀರದಂತೆ, ಒಮ್ಮೆಗೇ ಕುಸಿಯದಂತೆಯೂ ನೋಡಿಕೊಳ್ಳುವುದು, ವಾಂತಿ ಮತ್ತು ಫಿಟ್ಸ್ ತಡೆಯುವುದು, ಉಸಿರಾಟದ ದಾರಿ ಕಾಯುವುದು ಅವರ ಲಿಖಿತ ಕರ್ತವ್ಯವಾಗಲಿ.

ಇ) ಬೀದರ್, ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಕಾರವಾರದವರಿಗೆ ಗೋವಾ ಹತ್ತಿರ. ರಾಜ್ಯದ ಗಡಿ ದಾಟಿದರೂ ವಿಮೆ ಕೈಬಿಡದಂತೆ ಮುಂಚಿತ ಒಪ್ಪಂದ ಆಗಲಿ.

ಈ) 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯ ಪ್ರಕಾರ ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆ ತಡೆಹಿಡಿಯುವಂತಿಲ್ಲ. ಈ ಮಾತು ಪ್ರತಿ ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಮುಂದೆ ದೊಡ್ಡ ಅಕ್ಷರದಲ್ಲಿರಲಿ.

6. ನಾಲ್ಕೂ ಕಂದಾಯ ವಿಭಾಗಗಳಲ್ಲಿ ಕ್ಲಿಪ್ಪಿಂಗ್ ಮತ್ತು ಕಾಯಿಲಿಂಗ್ ಎರಡೂ ಮಾಡುವ ಸರ್ಕಾರಿ ಕೇಂದ್ರ.

ಒಡೆದ ಗುಳ್ಳೆಯನ್ನು ಮುಚ್ಚಲು ಎರಡು ದಾರಿ. ಒಂದು, ತಲೆಬುರುಡೆಯ ಕಿಟಕಿ ತೆರೆದು, ಸೂಕ್ಷ್ಮದರ್ಶಕದಡಿ ಮೆದುಳಿನ ಮಡಿಕೆಗಳ ನಡುವೆ ದಾರಿ ಬಿಡಿಸಿಕೊಂಡು ಹೋಗಿ, ಗುಳ್ಳೆಯ ಕುತ್ತಿಗೆಗೆ ಪುಟ್ಟ ಲೋಹದ ಕ್ಲಿಪ್ ಹಾಕುವುದು. ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿ 1937ರಲ್ಲಿ ಇದನ್ನು ಮೊದಲು ಮಾಡಿದರು. ಇನ್ನೊಂದು, ತೊಡೆ ಅಥವಾ ಮಣಿಕಟ್ಟಿನ ರಕ್ತನಾಳದಿಂದ ತೀರಾ ತೆಳುವಾದ ನಳಿಕೆ ತೂರಿಸಿ ಗುಳ್ಳೆಯೊಳಗೆ ಪ್ಲಾಟಿನಂ ಸುರುಳಿ ತುಂಬುವುದು, ಅಂದರೆ ಕಾಯಿಲಿಂಗ್. ಇಟಲಿಯ ಗೈಡೋ ಗುಗ್ಲಿಯೆಲ್ಮಿ ರೂಪಿಸಿದ, ಬೇಕಾದಾಗ ಕಳಚಿ ಬಿಡಬಹುದಾದ ಸುರುಳಿ 1990ರಲ್ಲಿ ಬಳಕೆಗೆ ಬಂತು.

ಎರಡರಿಂದಲೂ ಚಿಕಿತ್ಸೆ ಸಾಧ್ಯವಿದ್ದ 2143 ರೋಗಿಗಳನ್ನು ಹೋಲಿಸಿದ ಐಸ್ಯಾಟ್ ಅಧ್ಯಯನ 2002ರಲ್ಲಿ ಹೊರಬಂತು. ಒಂದು ವರ್ಷದ ಹೊತ್ತಿಗೆ ಸತ್ತವರು ಅಥವಾ ಪರಾವಲಂಬಿಗಳಾದವರು ಕಾಯಿಲಿಂಗ್‌ನಲ್ಲಿ ಶೇ. 23.7, ಕ್ಲಿಪ್ಪಿಂಗ್‌ನಲ್ಲಿ ಶೇ. 30.6. ಹಾಗೆಂದು ಕ್ಲಿಪ್ಪಿಗೆ ಕಾಲ ಮುಗಿಯಿತೆಂದಲ್ಲ. ಮೆದುಳಿನ ಪಕ್ಕದ ರಕ್ತನಾಳದಲ್ಲಿ ಗುಳ್ಳೆ ಒಡೆದು ದೊಡ್ಡ ಹೆಪ್ಪು ಒತ್ತುತ್ತಿದ್ದರೆ ತಲೆ ತೆರೆಯುವುದೇ ಸರಿ. ಒಮ್ಮೆಗೇ ಹೆಪ್ಪನ್ನೂ ತೆಗೆದು ಕ್ಲಿಪ್ಪೂ ಹಾಕಬಹುದು. ಆಳದಲ್ಲಿ, ಹಿಂಭಾಗದ ನಾಳದ ತುದಿಯಲ್ಲಿದ್ದರೆ, ರೋಗಿ ವಯಸ್ಸಾದವರಾಗಿದ್ದರೆ ಸುರುಳಿಯತ್ತ ಒಲವು ಹೆಚ್ಚು. ಯಾವುದು ಸೂಕ್ತ ಎಂಬುದನ್ನು ಎರಡೂ ಬಲ್ಲವರು ಕೂಡಿ ನಿರ್ಧರಿಸಬೇಕು. ಆ ಊರಿನಲ್ಲಿ ಯಾವ ಯಂತ್ರವಿದೆ, ಯಾವುದಕ್ಕೆ ಪ್ಯಾಕೇಜ್ ಹಣ ಸಾಲುತ್ತದೆ ಎಂಬುದು ರೋಗಿಯ ಚಿಕಿತ್ಸೆಯ ನಿರ್ಧಾರಕ್ಕೆ ಆಧಾರ ಆಗಬಾರದು.

ಬೆಂಗಳೂರಿನ ನಿಮ್ಹಾನ್ಸ್ ಇಡೀ ರಾಜ್ಯದ ಮತ್ತು ನೆರೆ ರಾಜ್ಯಗಳ ಭಾರ ಹೊತ್ತಿದೆ. ಮೈಸೂರಿನಲ್ಲಿ ನಿಮ್ಹಾನ್ಸ್ ಮಾದರಿಯ ಸಂಸ್ಥೆ ಕಟ್ಟುವ ಘೋಷಣೆಯಾಗಿದೆ. ಅದು ಬೇಗ ಕೈಗೂಡಲಿ. ಬೆಳಗಾವಿ ಮತ್ತು ಕಲಬುರಗಿ ವಿಭಾಗಗಳಲ್ಲೂ ನ್ಯೂರೋಸರ್ಜನ್, ನ್ಯೂರೋ ಅರಿವಳಿಕೆ ತಜ್ಞರು, ಆಪರೇಟಿಂಗ್ ಮೈಕ್ರೋಸ್ಕೋಪ್, ಮೆದುಳಿನ ಆಂಜಿಯೋ ಮಾಡುವ ಕ್ಯಾಥ್‌ಲ್ಯಾಬ್ ಮತ್ತು ನ್ಯೂರೋ ಐ.ಸಿ.ಯು. ಒಂದೇ ಸೂರಿನಡಿ ಇರುವ ಸರ್ಕಾರಿ ಕೇಂದ್ರ ತೆರೆಯಿರಿ. ಕಟ್ಟಡಕ್ಕಿಂತ ಮೊದಲು ಹುದ್ದೆ ತುಂಬಿ. ಯಂತ್ರ ತಂದಿಟ್ಟು ಅದನ್ನು ನಡೆಸುವವರಿಲ್ಲದೆ ಹೊದಿಕೆ ಹೊದಿಸಿಟ್ಟ ಕೋಣೆಗಳನ್ನು ನಾವು ಸಾಕಷ್ಟು ಕಂಡಿದ್ದೇವೆ.

7. ರೋಗಿ ಬಂದ 24 ಗಂಟೆಯೊಳಗೆ ಗುಳ್ಳೆ ಮುಚ್ಚಿರಬೇಕು.

ಒಂದು ಕಾಲದಲ್ಲಿ ಮೆದುಳಿನ ಊತ ಇಳಿಯಲೆಂದು ಹತ್ತು ಹನ್ನೆರಡು ದಿನ ಕಾದು ಆಪರೇಷನ್ ಮಾಡುತ್ತಿದ್ದರು. ಕಾಯುವಾಗಲೇ ಮರುಸೋರಿಕೆಯಿಂದ ಸತ್ತವರು ಆ ಪದ್ಧತಿಯನ್ನು ಬದಲಿಸಿದರು. 2023ರ ಅಮೆರಿಕದ ಮಾರ್ಗಸೂಚಿ, ಸಾಧ್ಯವಾದಷ್ಟು ಬೇಗ, ಆದಷ್ಟೂ 24 ಗಂಟೆಯೊಳಗೆ ಮುಚ್ಚಬೇಕೆನ್ನುತ್ತದೆ. ಭಾನುವಾರ, ಯುಗಾದಿ, ದೀಪಾವಳಿ ಎಂದು ರಕ್ತನಾಳ ಕಾಯುವುದಿಲ್ಲ. ತಂಡಕ್ಕೆ ಸರದಿ ಇರಲಿ, ಸರದಿಗೆ ತಕ್ಕ ಸಂಬಳವೂ ವಿಶ್ರಾಂತಿಯೂ ಇರಲಿ. ದಣಿದ ಕೈಗೆ ಈ ಕೆಲಸ ಒಪ್ಪಿಸಬಾರದು. ಸೋರಿದ ರಕ್ತ ಮೆದುಳಿನ ನೀರಿನ ಹರಿವಿಗೆ ಅಡ್ಡವಾಗಿ ಒತ್ತಡ ಏರಿದರೆ, ಹೊರಗಿನ ಚೀಲಕ್ಕೆ ನೀರು ಬಸಿಯುವ ನಳಿಕೆಯನ್ನು ಅದೇ ಗಳಿಗೆಯಲ್ಲಿ ಹಾಕುವ ಸಿದ್ಧತೆ ಪ್ರತಿ ಕೇಂದ್ರದಲ್ಲಿರಲಿ. ಎಚ್ಚರವೇ ಇಲ್ಲದೆ ಬಂದ ಕೆಲವರು ಈ ನಳಿಕೆ ಹಾಕಿದ ಮೇಲೆ ಕಣ್ಣು ತೆರೆದಿದ್ದಾರೆ. ಮೊದಲ ನೋಟಕ್ಕೇ ಆಸೆ ಬಿಡಬೇಡಿ ಎಂದು ನಮ್ಮ ಅನುಭವದಿಂದ ಕೇಳುತ್ತಿದ್ದೇವೆ.

8. ಹಣದ ಒಪ್ಪಿಗೆ ಚಿಕಿತ್ಸೆಯ ಹಿಂದೆ ಬರಲಿ, ಮುಂದೆ ಬೇಡ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಮಾತ್ರ. ಒಂದು ಗುಳ್ಳೆಗೆ ಎಷ್ಟು ಸುರುಳಿ ಬೇಕೆಂದು ಒಳಗೆ ಹೋಗುವ ಮುನ್ನ ಯಾರೂ ಖಚಿತವಾಗಿ ಹೇಳಲಾರರು. ಸುರುಳಿ, ನಳಿಕೆ, ಐ.ಸಿ.ಯು. ಎಲ್ಲ ಸೇರಿ ಖರ್ಚು ಲಕ್ಷಗಳಿಗೆ ಏರುತ್ತದೆ. ಹೊಲ, ಒಡವೆ ಅಡವಿಟ್ಟವರು ನಮ್ಮಲ್ಲೇ ಇದ್ದಾರೆ.

ಅ) ಒಡೆದ ಅನ್ಯೂರಿಸಂಗೆ ರೆಫರಲ್ ಪತ್ರವಿಲ್ಲದೆ, ಪೂರ್ವಾನುಮತಿಗೆ ಕಾಯದೆ ಚಿಕಿತ್ಸೆ ಶುರುವಾಗಲಿ; ಕಾಗದಪತ್ರ ಆರೋಗ್ಯಮಿತ್ರರು ಆಮೇಲೆ ಪೂರೈಸಲಿ.

ಆ) ಪ್ಯಾಕೇಜಿನಲ್ಲಿ ಆಂಜಿಯೋಗ್ರಾಂ, ಬಳಸಿದಷ್ಟೂ ಸುರುಳಿ, ನೀರು ಬಸಿಯುವ ನಳಿಕೆ, ಬೇಕಾದರೆ ಆ ನೀರನ್ನು ದೇಹದೊಳಗೇ ಹರಿಸುವ ಶಂಟ್ ಮತ್ತು ಕನಿಷ್ಠ 14 ದಿನದ ಐ.ಸಿ.ಯು. ಆರೈಕೆ ಸೇರಿರಲಿ.

ಇ) ಈ ಒಂದು ರೋಗಕ್ಕಾದರೂ ಎ.ಪಿ.ಎಲ್. ಕುಟುಂಬಗಳ ಮಿತಿ ಏರಿಸಿ.

ಈ) ಹೃದಯದ ಸ್ಟೆಂಟ್‌ಗಳಿಗೆ 2017ರ ಫೆಬ್ರವರಿಯಲ್ಲಿ ಕೇಂದ್ರ ಗರಿಷ್ಠ ಬೆಲೆ ನಿಗದಿ ಮಾಡಿತು. ಮೆದುಳಿನ ಸುರುಳಿ, ಕ್ಲಿಪ್, ಸ್ಟೆಂಟ್‌ಗಳಿಗೂ ಅದೇ ಕ್ರಮ ಆಗಬೇಕೆಂದು ರಾಜ್ಯ ಸರ್ಕಾರ ಕೇಂದ್ರವನ್ನು ಲಿಖಿತವಾಗಿ ಒತ್ತಾಯಿಸಲಿ.

9. ಪ್ರತಿ ರೋಗಿಗೆ 252 ಮಾತ್ರೆ, ಒಂದೂ ಕಡಿಮೆಯಾಗದಂತೆ.

ಆಪರೇಷನ್ ಸುಸೂತ್ರವಾಯಿತೆಂದು ಮನೆಯವರು ಸಿಹಿ ಹಂಚುವ ಹೊತ್ತಿಗೆ ಇನ್ನೊಂದು ಗಂಡಾಂತರ ಕಾದಿರುತ್ತದೆ. ಸೋರಿಕೆಯ ಸುಮಾರು 3ನೇ ದಿನದಿಂದ 14ನೇ ದಿನದವರೆಗೆ ಮೆದುಳಿನ ರಕ್ತನಾಳಗಳು ಸೆಟೆದು ಕಿರಿದಾಗಬಹುದು. ರಕ್ತ ಸಿಗದ ಭಾಗ ಸಾಯುತ್ತದೆ, ಮಾತು ನಿಲ್ಲುತ್ತದೆ, ಕೈಕಾಲು ಬೀಳುತ್ತದೆ. ಇದರ ಹಾನಿ ತಗ್ಗಿಸುವುದೆಂದು ದೃಢಪಟ್ಟ ಔಷಧಿ ನಿಮೋಡಿಪಿನ್. ಬ್ರಿಟನ್ನಿನಲ್ಲಿ 554 ರೋಗಿಗಳ ಮೇಲೆ ನಡೆದು 1989ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೆದುಳಿನ ಭಾಗ ಸಾಯುವ ಪ್ರಮಾಣವನ್ನು ಅದು ಸುಮಾರು ಮೂರನೇ ಒಂದರಷ್ಟು ಇಳಿಸಿತು. 60 ಮಿ.ಗ್ರಾಂ. 4 ಗಂಟೆಗೊಮ್ಮೆ, 21 ದಿನ. ಅಂದರೆ 126 ಬಾರಿ, 30 ಮಿ.ಗ್ರಾಂ. ಲೆಕ್ಕದಲ್ಲಿ 252 ಮಾತ್ರೆ. ನಡುರಾತ್ರಿಯ ಡೋಸ್, ನಸುಕಿನ ಡೋಸ್ ಕೂಡ ಇದರಲ್ಲಿ ಸೇರಿದೆ. ನುಂಗಲಾಗದವರಿಗೆ ಮೂಗಿನ ನಳಿಕೆಯ ಮೂಲಕ ಕೊಡಬೇಕು.

ಹೊರಗಿನಿಂದ ತನ್ನಿ ಎಂದು ಚೀಟಿ ಬರೆದುಕೊಟ್ಟರೆ ಮಗನೊಬ್ಬ ರಾತ್ರಿ ಎರಡು ಗಂಟೆಗೆ ಮೆಡಿಕಲ್ ಶಾಪುಗಳ ಬಾಗಿಲು ಬಡಿಯಬೇಕಾಗುತ್ತದೆ. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಇದನ್ನು ಎಲ್ಲ ಜಿಲ್ಲಾ ಆಸ್ಪತ್ರೆಗಳಿಗೂ ಪೂರೈಸಲಿ. ಡಿಸ್ಚಾರ್ಜ್ ಆದವರಿಗೆ ಉಳಿದ ದಿನಗಳ ಮಾತ್ರೆ ಕೈಗೇ ಕೊಟ್ಟು ಕಳಿಸಲಿ. ಸೆಟೆತದ ಮೊದಲ ಸುಳಿವು ಕಾಣುವುದು ಬಹುಮಟ್ಟಿಗೆ ದಾದಿಗೆ: ನಿನ್ನೆ ಮಗಳ ಹೆಸರು ಹೇಳಿದವರು ಇಂದು ತಡವರಿಸುತ್ತಾರೆ, ಒಂದು ಕೈ ಕೊಂಚ ಸೋಲುತ್ತದೆ. ಒಬ್ಬ ದಾದಿಗೆ ಹತ್ತು ಹಾಸಿಗೆ ಒಪ್ಪಿಸಿದರೆ ಆ ಸುಳಿವು ಯಾರ ಕಣ್ಣಿಗೂ ಬೀಳದು. ನ್ಯೂರೋ ಐ.ಸಿ.ಯು.ಗಳಲ್ಲಿ ಒಬ್ಬ ದಾದಿಗೆ ಇಬ್ಬರಿಗಿಂತ ಹೆಚ್ಚು ರೋಗಿಗಳು ಬೇಡ.

10. ನಮಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಿ ಸಹಿ ಪಡೆಯಿರಿ.

ಇಂಗ್ಲಿಷ್ ಫಾರಂ ಮುಂದೆ ಹಿಡಿದು "ಇಲ್ಲಿ ಸಹಿ ಹಾಕಿ" ಎನ್ನುವುದು ಒಪ್ಪಿಗೆ ಪಡೆದಂತಲ್ಲ. ರೋಗವೇನು, ಎರಡು ದಾರಿಗಳಲ್ಲಿ ಯಾವುದನ್ನು ಏಕೆ ಆರಿಸುತ್ತಿದ್ದಾರೆ, ಏನು ಕೆಡಬಹುದು ಎಂಬುದನ್ನು ಕನ್ನಡದಲ್ಲಿ, ಬೇಕಾದವರಿಗೆ ಉರ್ದು, ತುಳು, ಕೊಂಕಣಿ, ತೆಲುಗು, ಮರಾಠಿಯಲ್ಲಿ ಚಿತ್ರ ಬಿಡಿಸಿ ತಿಳಿಸಲಿ. ದಿನಕ್ಕೊಮ್ಮೆ ನಿಗದಿತ ಹೊತ್ತಿಗೆ ಒಬ್ಬ ವೈದ್ಯರು ಮನೆಯವರ ಜೊತೆ ಕೂತು ಮಾತಾಡಲಿ. ಉಳಿಯುವ ಆಸೆ ಇಲ್ಲದಿದ್ದರೆ ಅದನ್ನೂ ಮರೆಮಾಚದೆ, ಮೆತ್ತಗೆ ಹೇಳಲಿ. ನಿಜ ಕೇಳುವ ಶಕ್ತಿ ನಮಗಿದೆ.

11. ಬದುಕಿ ಬಂದವರನ್ನು ಬಾಗಿಲಲ್ಲೇ ಬಿಡಬೇಡಿ.

ಹೊಲಿಗೆ ಬಿಚ್ಚಿದ ಮೇಲೂ ಮರೆವು, ತೀರದ ದಣಿವು, ಸಿಟ್ಟು, ಖಿನ್ನತೆ ತಿಂಗಳುಗಟ್ಟಲೆ ಉಳಿಯುತ್ತವೆ. ಹೊರನೋಟಕ್ಕೆ ಗಟ್ಟಿಮುಟ್ಟಾಗಿರುವ ಟೈಲರ್ ಅಳತೆ ಮರೆಯುತ್ತಾರೆ, ಶಿಕ್ಷಕಿ ತರಗತಿಯ ಗದ್ದಲ ತಾಳಲಾರರು. ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್‌ನ ಕ್ಲಿನಿಕ್‌ಗಳಲ್ಲಿ ಇವರಿಗೆ ಫಿಸಿಯೋಥೆರಪಿ, ಮಾತಿನ ತರಬೇತಿ, ನೆನಪಿನ ತರಬೇತಿ ಮತ್ತು ಮನೋಚಿಕಿತ್ಸೆ ತಿಂಗಳಿಗೊಂದು ನಿಗದಿತ ದಿನ ಸಿಗಲಿ. ಅರ್ಹರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರ ಅಲೆದಾಟವಿಲ್ಲದೆ ದೊರೆಯಲಿ. ಸುರುಳಿ ತುಂಬಿದ ಗುಳ್ಳೆ ಮತ್ತೆ ತೆರೆದುಕೊಳ್ಳಬಹುದಾದ್ದರಿಂದ ಮರುಪರೀಕ್ಷೆಯ ಆಂಜಿಯೋಗ್ರಾಂ ಉಚಿತವಾಗಲಿ. ಕ್ಲಿಪ್ ಹಾಕಿಸಿಕೊಂಡವರಿಗೆ ಅದು ಯಾವ ಲೋಹ, ಯಾವ ತಯಾರಿಕೆ ಎಂಬ ಕಾರ್ಡ್ ಕೊಡಿ. ಮುಂದೊಂದು ದಿನ ಎಂ.ಆರ್.ಐ. ಮಾಡಬಹುದೇ ಬೇಡವೇ ಎಂದು ನಿರ್ಧರಿಸಲು ಬೇಕಾಗುವುದು ಆ ಒಂದು ಚೀಟಿ.

12. ಅಪಾಯವಿರುವ ಮನೆಗಳನ್ನು ಮುಂಚಿತವಾಗಿ ತಲುಪಿ.

ಎಲ್ಲರಿಗೂ ಸ್ಕ್ಯಾನ್ ಬೇಕೆಂದು ನಾವು ಕೇಳುವುದಿಲ್ಲ. ಅದು ಭಯ ಹಂಚುವ ಕೆಲಸವಾದೀತು. ಹೆತ್ತವರು, ಒಡಹುಟ್ಟಿದವರು, ಮಕ್ಕಳ ಪೈಕಿ ಇಬ್ಬರು ಅಥವಾ ಹೆಚ್ಚು ಮಂದಿಗೆ ಈ ರೋಗ ಬಂದ ಕುಟುಂಬಗಳಿಗೆ, ವಂಶಪಾರಂಪರ್ಯವಾಗಿ ಮೂತ್ರಪಿಂಡದಲ್ಲಿ ನೀರ್ಗುಳ್ಳೆ ಬರುವವರಿಗೆ ತಜ್ಞರ ಸಲಹೆ ಮತ್ತು ಎಂ.ಆರ್. ಆಂಜಿಯೋಗ್ರಾಂ ಸಿಗಲಿ. ಉಳಿದವರಿಗೆ ಬಿ.ಪಿ. ಅಳೆಯುವ ಪಟ್ಟಿಯೇ ದೊಡ್ಡ ರಕ್ಷಣೆ. ಏರಿದ ಬಿ.ಪಿ. ಮತ್ತು ಧೂಮಪಾನ ಗುಳ್ಳೆ ಒಡೆಯಲು ನಾವು ತಡೆಯಬಲ್ಲ ಎರಡು ದೊಡ್ಡ ಕಾರಣಗಳು. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರಿಗೆ ಬಿ.ಪಿ. ಯಂತ್ರವನ್ನೂ, ಸಿಡಿಲಿನಂಥ ತಲೆನೋವಿನ ಬಗ್ಗೆ ಒಂದು ದಿನದ ತರಬೇತಿಯನ್ನೂ, ಅದಕ್ಕೆ ತಕ್ಕ ಗೌರವಧನವನ್ನೂ ಕೊಡಿ.

13. ಪ್ರತಿ ಮರುಸೋರಿಕೆಗೂ ಲೆಕ್ಕ ಕೊಡಿ.

ತಾಯಿ ಮರಣಗಳನ್ನು ಒಂದೊಂದಾಗಿ ಪರಿಶೀಲಿಸುವ ಪದ್ಧತಿ ನಮ್ಮಲ್ಲಿದೆ. ಅದೇ ರೀತಿ ಒಡೆದ ಅನ್ಯೂರಿಸಂಗಳ ರಾಜ್ಯ ನೋಂದಣಿ ಆರಂಭಿಸಿ. ನೋವು ಬಂದ ಹೊತ್ತು, ಮೊದಲ ವೈದ್ಯರನ್ನು ಕಂಡ ಹೊತ್ತು, ಸ್ಕ್ಯಾನ್ ಆದ ಹೊತ್ತು, ಗುಳ್ಳೆ ಮುಚ್ಚಿದ ಹೊತ್ತು, ನಡುವೆ ಮರುಸೋರಿಕೆಯಾಯಿತೇ, ಆರು ತಿಂಗಳ ನಂತರ ರೋಗಿ ಹೇಗಿದ್ದಾರೆ ಎಂಬ ಆರು ಸಂಗತಿಗಳು ಸಾಕು. ಹೆಸರುಗಳನ್ನು ಗುಟ್ಟಾಗಿಟ್ಟು, ಜಿಲ್ಲಾವಾರು ಅಂಕಿಗಳನ್ನು ವರ್ಷಕ್ಕೊಮ್ಮೆ ಪ್ರಕಟಿಸಿ. ಒಬ್ಬಂಟಿಯಾಗಿ ರಾತ್ರಿಪಾಳಿ ಮಾಡುವ ಕಿರಿಯ ವೈದ್ಯರನ್ನು ದಂಡಿಸಲು ಇದನ್ನು ಬಳಸಬೇಡಿ. ಗಂಟೆಗಳು ಎಲ್ಲಿ ಸೋರಿಹೋದವೆಂದು ತಿಳಿಯಲು ಬಳಸಿ.

ಕಾಲಮಿತಿ

ಪ್ರಶ್ನೆಪಟ್ಟಿ, ಸ್ಕ್ಯಾನ್ ಮೊದಲೆಂಬ ಆದೇಶ, ನಿಮೋಡಿಪಿನ್ ಪೂರೈಕೆ, ಕನ್ನಡದ ಒಪ್ಪಿಗೆ ಪತ್ರ: ಇವಕ್ಕೆ ದೊಡ್ಡ ಮೊತ್ತ ಬೇಕಿಲ್ಲ, 3 ತಿಂಗಳೊಳಗೆ ಆಗಬೇಕು. ರಾತ್ರಿಯ ಸ್ಕ್ಯಾನ್, ಬೆಡ್ ಕೇಂದ್ರ, ಪ್ಯಾಕೇಜ್ ತಿದ್ದುಪಡಿ, ನೋಂದಣಿ: 1 ವರ್ಷ. ವಿಭಾಗಕ್ಕೊಂದು ಪೂರ್ಣ ಕೇಂದ್ರ: 3 ವರ್ಷ. ಪ್ರತಿ ಆರು ತಿಂಗಳಿಗೊಮ್ಮೆ ಪ್ರಗತಿಯನ್ನು ನಮ್ಮ ಪ್ರತಿನಿಧಿಗಳ ಮುಂದಿಡಬೇಕು.

ನಮ್ಮ ಹೊಣೆ

ಕೇಳುವವರಿಗೂ ಕರ್ತವ್ಯಗಳಿವೆ. ಸಿಡಿಲಿನಂಥ ತಲೆನೋವು ಬಂದವರನ್ನು ದೃಷ್ಟಿ ತೆಗೆದು, ಅಮೃತಾಂಜನ ಹಚ್ಚಿ ಮಲಗಿಸದೆ ಕೂಡಲೇ 108ಕ್ಕೆ ಕರೆ ಮಾಡುತ್ತೇವೆ, ನಮ್ಮ ಊರಿನವರಿಗೂ ಇದನ್ನೇ ಹೇಳಿಕೊಡುತ್ತೇವೆ. ನೋವು ಶುರುವಾದ ಹೊತ್ತನ್ನು ನೆನಪಿಟ್ಟು ವೈದ್ಯರಿಗೆ ತಿಳಿಸುತ್ತೇವೆ. ಎಷ್ಟೇ ದುಃಖವಾದರೂ ವೈದ್ಯರ ಮೇಲೆ, ದಾದಿಯರ ಮೇಲೆ ಕೈಮಾಡುವುದಿಲ್ಲ, ಕೈಮಾಡುವವರನ್ನು ತಡೆಯುತ್ತೇವೆ. ಎಲ್ಲರನ್ನೂ ಉಳಿಸಿಕೊಡಿ ಎಂದು ನಾವು ಕೇಳುತ್ತಿಲ್ಲ. ಈ ರೋಗ ಎಷ್ಟು ಕ್ರೂರವೆಂದು ನಮಗಿಂತ ಚೆನ್ನಾಗಿ ಬಲ್ಲವರಿಲ್ಲ.

ಆ ತಾಯಿಗೆ ಸೋಮವಾರದಿಂದ ಗುರುವಾರದವರೆಗೆ ಮೂರು ದಿನ ಸಿಕ್ಕಿತ್ತು. ಸ್ಕ್ಯಾನ್‌ಗೆ ಒಂದು ಗಂಟೆ, ದಾರಿಗೆ ಆರು ಗಂಟೆ, ಆಪರೇಷನ್‌ಗೆ ಆರು ಗಂಟೆ ಎಂದು ಲೆಕ್ಕ ಹಾಕಿದರೂ ಎರಡು ದಿನಕ್ಕಿಂತ ಹೆಚ್ಚು ಉಳಿಯುತ್ತಿತ್ತು. ಅವರ ಮಗಳು ಇಂದಿಗೂ ಆ ಗಂಟೆಗಳನ್ನು ಎಣಿಸುತ್ತಾರೆ. ಇನ್ನೊಂದು ಮನೆಯಲ್ಲಿ ಇನ್ನೊಬ್ಬ ಮಗಳು ಹೀಗೆ ಎಣಿಸುತ್ತಾ ಕೂರದಂತೆ ಮಾಡುವುದು ನಿಮ್ಮ ಕೈಯಲ್ಲಿದೆ.

ಇಂತಿ,
ಅನ್ಯೂರಿಸಂ ಒಡೆದು ಬದುಕಿ ಬಂದವರು, ಅಗಲಿದವರ ಮನೆಯವರು ಮತ್ತು ಅವರನ್ನು ನೋಡಿಕೊಂಡವರು